ಒಂದು ‘ಹಚ್ಚು’, ಹಲವು ಅರ್ಥ

ನಮ್ಮ ಮನೆಮಾತು ಉರ್ದು. ಓದಿದ್ದೂ ಉರ್ದು ಶಾಲೆಯಲ್ಲಿ. ಗೋಕಾಕದ ಕಾಲೇಜಿಗೆ ಬಂದಾಗ ‘ಹಚ್ಚು’ ಎಂದರೆ ದೀಪ ಹಚ್ಚುವುದು ಎಂದಷ್ಟೇ ಗೊತ್ತಿತ್ತು. ಮೂಡಲಗಿಯ ಗೆಳತಿ “ಸಂಜೀಕ ಫೋನ್ ಹಚ್ಚ” ಎಂದಾಗ ಗಾಬರಿಯಾದೆ. ಫೋನಿಗೆ ಬೆಂಕಿಯೇ! ಅವಳು ನಕ್ಕು ಒಂದೊಂದಾಗಿ ಕಲಿಸಿದಳು: ಬಣ್ಣ ಹಚ್ಚು, ಗಿಡ ಹಚ್ಚು, ಮುಲಾಮು ಹಚ್ಚು.

ಮನೆಯಲ್ಲಿ ಹೇಳಿದೆ. ಅಮ್ಮಿ, “ನಮ್ಮ ‘ಲಗಾನಾ’ನೂ ಹಂಗೇ ಅಲ್ಲೇನ? ರಂಗ್ ಲಗಾನಾ, ಝಾಡ್ ಲಗಾನಾ, ಫೋನ್ ಲಗಾನಾ” ಎಂದರು. ಮರಾಠಿಯ ‘ಲಾವಣೆ’ಯೂ ಹಾಗೇ ಎಂದು ಉಪನ್ಯಾಸಕರು ತಿಳಿಸಿದರು.

ಆಗ ಒಂದು ಮಾತು ನೆನಪಾಯಿತು. ನನ್ನ ಹತ್ತನೆಯ ತರಗತಿ ಮುಗಿದಾಗ ಹುಕ್ಕೇರಿಯ ನೆಂಟರು, “ಸಾಕು, ಹುಡುಗೀನ ಕೆಲಸಕ್ಕ ಹಚ್ಚರಿ” ಎಂದಿದ್ದರು. ಅಮ್ಮಿ ನನ್ನನ್ನು ಕಾಲೇಜಿಗೆ ಹಚ್ಚಿದರು.