ಹಾಸು, ಹೊಕ್ಕು, ಚುಕ್ಕಿ

ಬನಹಟ್ಟಿಯ ನಮ್ಮ ಓಣಿಯಲ್ಲಿ ಆಗ ಕುಣಿಮಗ್ಗ, ಈಗ ಪವರ್‌ಲೂಮ್. ಹೊಸ ಸೀರೆಯನ್ನು ಕಣ್ಣಿಗೆ ಹಿಡಿದು ದೂರದ ಬೀದಿದೀಪ ನೋಡುವುದು ಆಗ ಹುಡುಗರ ಆಟ. ಒಂದೇ ದೀಪ ಅಡ್ಡಕ್ಕೂ ಉದ್ದಕ್ಕೂ ಚುಕ್ಕಿಸಾಲುಗಳಾಗಿ ಒಡೆಯುತ್ತಿತ್ತು. “ಮಾಲಿಗೆ ಕೈ ಹಚ್ಚಬ್ಯಾಡ್ರಲೇ, ಹೊಲಸ ಆಕ್ಕತಿ” ಎಂದು ಕಾಕಾ ಬೈಯುತ್ತಿದ್ದ. ಅಡ್ಡಸಾಲಿನ ಚುಕ್ಕಿಗಳು ದೂರದವರೆಗೂ ಬಿಡಿಬಿಡಿ. ಉದ್ದಸಾಲಿನವು ಎರಡು ಮೂರು ದಾಟುವಷ್ಟರಲ್ಲೇ ಕಲಸಿಹೋಗುತ್ತಿದ್ದವು. ಯಾಕೆಂದು ಯಾರೂ ಕೇಳಲಿಲ್ಲ. ಸೀರೆ ಮಾರಲು ಅದು ಬೇಕಿರಲಿಲ್ಲ.

ಇಂಥ ಪ್ರಶ್ನೆ ಕೇಳಿದವನು ಬೇರೆ ಊರಿನವನು. 1785ರಲ್ಲಿ ಫಿಲಡೆಲ್ಫಿಯಾದ ಫ್ರಾನ್ಸಿಸ್ ಹಾಪ್ಕಿನ್ಸನ್ ರೇಷ್ಮೆ ಕರವಸ್ತ್ರದ ಮೂಲಕ ಬೀದಿದೀಪ ನೋಡಿದ. ವಸ್ತ್ರ ಸರಿಸಿದರೂ ಅದರಲ್ಲಿ ಕಂಡ ಗೆರೆಗಳು ಅಲುಗಲಿಲ್ಲವೇಕೆ ಎಂದು ಖಗೋಳಜ್ಞ ಡೇವಿಡ್ ರಿಟನ್‌ಹೌಸ್‌ಗೆ ಬರೆದ. ರಿಟನ್‌ಹೌಸ್ ಕೂದಲೆಳೆಗಳನ್ನು ಸಾಲಾಗಿ ಬಿಗಿದು, ಸಂದಿನಲ್ಲಿ ಬೆಳಕು ಹರಡುವುದನ್ನು, ಅಂದರೆ ವಿವರ್ತನೆಯನ್ನು, ಅಳೆದ.

ನಮ್ಮ ಉದ್ದಸಾಲು ಕಲಸಿದ್ದಕ್ಕೆ ಕಾರಣ ಮಗ್ಗದಲ್ಲೇ ಇತ್ತು. ಅಡ್ಡಸಾಲು ಮೂಡುವುದು ಹಾಸಿನಿಂದ, ಉದ್ದಸಾಲು ಹೊಕ್ಕಿನಿಂದ. ಹಾಸಿನ ಎಳೆಗೆ ಜಾಗ ಕೊಡುವುದು ಹಣಿಗೆಯ ಹಲ್ಲು. ಒಂದು ಎಳೆ ತುಸು ಸರಿದರೂ ಪಕ್ಕದ್ದು ತನ್ನ ಹಲ್ಲಿನ ನೇರಕ್ಕೇ ಇರುತ್ತದೆ. ಇಂಥ ಏರುಪೇರಿಗೆ ದೂರದ ಚುಕ್ಕಿ ಮಂಕಾಗುತ್ತದೆ, ಅಗಲವಾಗುವುದಿಲ್ಲ. ಹೊಕ್ಕಿಗೆ ಆ ಆಸರೆಯಿಲ್ಲ. ಅದು ಹಿಂದಿನ ಎಳೆಗೆ ಒತ್ತಿ ಕೂರಬೇಕು. ಒಂದು ಬಡಿತ ಹಗುರಾದರೆ ಮುಂದಿನ ಎಳೆಗಳೆಲ್ಲ ಅಷ್ಟು ಸರಿದವು. ತಪ್ಪು ಕೂಡುತ್ತ ಹೋಗುತ್ತದೆ, ಚುಕ್ಕಿ ದೂರ ಹೋದಷ್ಟೂ ಹರಡುತ್ತದೆ.

ಹೊಕ್ಕಿನ ಈ ತಪ್ಪು ಬೇರೆಡೆಯೂ ಇದೆ. ಕೆಲವೇ ನ್ಯಾನೊಮೀಟರ್ ಗಾತ್ರದ ಹರಳುಗಳು ತಾವಾಗಿ ಸಾಲುಗಟ್ಟಿ ಸೂಪರ್‌ಲ್ಯಾಟಿಸ್ ಆಗುವುದನ್ನು 1995ರಲ್ಲಿ ವಿಜ್ಞಾನಿಗಳಾದ ಮರ್ರೆ, ಕೇಗನ್, ಬವೆಂಡಿ ತೋರಿಸಿದರು. ಆ ಸಾಲುಗಳನ್ನು ನೋಡಲು ದೀಪದ ಬದಲು ಎಕ್ಸ್‌-ರೇ. ಹರಳುಗಳಿಗೆ ಹಣಿಗೆಯಿಲ್ಲ. ಒಂದಕ್ಕೊಂದು ಆತು ಕೂರುವ ಅವುಗಳ ಗಾತ್ರ, ಮೇಲಿನ ಎಣ್ಣೆಯಂಥ ಪದರದ ದಪ್ಪ ಅಷ್ಟಿಷ್ಟು ಬೇರೆಯಾದರೂ ತಪ್ಪು ಕೂಡತೊಡಗುತ್ತದೆ. ಎಷ್ಟನೇ ಚುಕ್ಕಿಯ ಹೊತ್ತಿಗೆ ಎಷ್ಟು ಅಗಲವಾಯಿತು ಎಂದು ಅಳೆದರೆ, ಆ ಗುಪ್ಪೆಯೊಳಗಿನ ಅಶಿಸ್ತು ಯಾವ ಜಾತಿಯದು ಎಂದು ಗೊತ್ತಾಗುತ್ತದೆ.

ಕುಣಿಯಲ್ಲಿ ಕೂತು ಕಾಕಾನ ಸೊಂಟ ಹೋಯಿತು. ಆ ಮಗ್ಗ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಕೈಮಗ್ಗದ ಏರುಪೇರನ್ನೇ ಸೊಬಗು ಎಂದು ಹೊಗಳುವವರು ನೇಯ್ದವರಲ್ಲ. ಪವರ್‌ಲೂಮ್‌ನಲ್ಲಿ ಒಂದೊಂದು ಹೊಕ್ಕಿಗೂ ಗಾಲಿಯೊಂದು ಬಟ್ಟೆಯನ್ನು ಅಳತೆಯಷ್ಟೇ ಎಳೆದುಕೊಳ್ಳುತ್ತದೆ. ಅದರ ಬಟ್ಟೆಗೆ ಲೇಸರ್ ಪಾಯಿಂಟರ್ ಹಿಡಿದರೆ ಉದ್ದಸಾಲೂ ಗೋಡೆಯ ಮೇಲೆ ಸಾಕಷ್ಟು ದೂರ ಬಿಡಿಬಿಡಿಯಾಗಿ ನಿಲ್ಲುತ್ತದೆ. ಹಾಸಿನ ಎಳೆಯೊಂದು ಹರಿದ ಕಡೆ ಹಿಡಿದರೂ ಚುಕ್ಕಿ ಜಾಗ ಬಿಡುವುದಿಲ್ಲ; ಚುಕ್ಕಿಗಳ ನಡುವೆ ಮಸುಕು ಬೆಳಕು ತುಸು ಹೆಚ್ಚುತ್ತದೆ, ಅಷ್ಟೇ.