ಸಿ.ಡಿ. ಮತ್ತು ಸ್ಟ್ರೀಮರ್: ಶ್ರವಣಸುಖದ ಲೆಕ್ಕಾಚಾರ

ಬಸವಕಲ್ಯಾಣ ಮತ್ತು ಹುಮನಾಬಾದ ಬೀದರ ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳು. ಎರಡಕ್ಕೂ ಸಂಗೀತದ ನಂಟು ಹಳೆಯದು. ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗೀತ, ವಾದ್ಯ, ನೃತ್ಯಗಳನ್ನು ಅರಸನ ವಿನೋದಗಳೆಂದು ವಿಸ್ತಾರವಾಗಿ ವಿವರಿಸಿದ್ದಾನೆ. ಅವನ ಮಗ ಇಮ್ಮಡಿ ಜಗದೇಕಮಲ್ಲನು ‘ಸಂಗೀತ ಚೂಡಾಮಣಿ’ ಎಂಬ ಗ್ರಂಥವನ್ನೇ ಬರೆದನು. ಹುಮನಾಬಾದಿನ ಮಗ್ಗುಲಲ್ಲಿರುವ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ (1817-1865) ಸಂಸ್ಥಾನದ ಉತ್ಸವಗಳಲ್ಲಿ ಗಾಯಕರು ಸಂಗೀತಸೇವೆ ಸಲ್ಲಿಸುತ್ತ ಬಂದಿದ್ದಾರೆ. ಆದರೆ ಅರಮನೆಯಾಗಲಿ ಮಠವಾಗಲಿ, ಗಾಯಕನು ತಂಬೂರಿ ಕೆಳಗಿಟ್ಟೊಡನೆ ಗಾನವೂ ಮುಗಿಯುತ್ತಿತ್ತು. ಧ್ವನಿಮುದ್ರಣ ಬಂದ ಮೇಲೆ ಅದು ಕೊಂಡು ಮನೆಯಲ್ಲಿಡಬಹುದಾದ ವಸ್ತುವಾಯಿತು. ಈಗ ಆ ವಸ್ತುವೂ ಮರೆಯಾಗಿ, ಚಂದಾ ಕಟ್ಟಿದವನಿಗೆ ತಂತಿಯ ಮೂಲಕ ಹರಿದುಬರುವ ಸೇವೆಯಾಗಿದೆ. ಇವೆರಡರಲ್ಲಿ ಗೃಹಸ್ಥನಿಗೆ ಯಾವುದು ಲೇಸು?

ಹುಮನಾಬಾದಿನ ಹಿರಿಯ ವರ್ತಕರೊಬ್ಬರ ಮನೆಯಲ್ಲಿ ಈ ಪ್ರಶ್ನೆ ಕಾರ್ಯತಃ ಎದುರಾಯಿತು. ಮೂವತ್ತು ವರ್ಷಗಳಲ್ಲಿ ಅವರು ಕೂಡಿಸಿದ ಸಿ.ಡಿ.ಗಳು ಇನ್ನೂರಕ್ಕೂ ಹೆಚ್ಚು. ಮಲ್ಲಿಕಾರ್ಜುನ ಮನಸೂರರು, ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು ಆ ಕಪಾಟಿನಲ್ಲಿದ್ದರು. ಪ್ಲೇಯರಿನ ಲೇಸರ್ ಕಣ್ಣು ಮಂಕಾಗಿ ಒಂದು ದಿನ ಯಾವ ಸಿ.ಡಿ.ಯನ್ನೂ ಓದದಾಯಿತು. ಬಸವಕಲ್ಯಾಣದಿಂದ ಬಂದಿದ್ದ ಸೋದರಳಿಯ, “ಮಾಮಾ, ಇವನ್ನೆಲ್ಲ ಕಂಪ್ಯೂಟರಿಗೆ ನಕಲು ಮಾಡಿಕೊಂಡು ಮಾರಿಬಿಡಿರಿ. ಒಂದು ಸ್ಟ್ರೀಮರ್ ಕೊಂಡು ತಿಂಗಳ ಚಂದಾ ಕಟ್ಟಿದರೆ ಕೋಟಿಗಟ್ಟಲೆ ಹಾಡು ಸಿಗುತ್ತವೆ, ನಿಮ್ಮ ಪರಿಗ್ರಹವೂ ಇಳಿಯುತ್ತದೆ” ಎಂದನು. ಕಡೆಯ ಮಾತು ಅವರನ್ನು ಯೋಚನೆಗೆ ಹಚ್ಚಿತು. ಅವರು ಅರವತ್ತರ ವಯಸ್ಸಿನಲ್ಲಿ ಪರಿಗ್ರಹ ಪರಿಮಾಣವ್ರತವನ್ನು ಸ್ವೀಕರಿಸಿದವರು. ಮನೆಯ ವಸ್ತುಗಳಿಗೆ ಎಣಿಕೆಯಿಟ್ಟುಕೊಂಡು ಬಾಳುತ್ತಿದ್ದವರು.

ಮೊದಲು ನಾದದ ಗುಣವನ್ನು ನೋಡೋಣ. 1982ರ ಅಕ್ಟೋಬರಿನಲ್ಲಿ ಸೋನಿ ಸಂಸ್ಥೆಯ ಸಿ.ಡಿ. ಪ್ಲೇಯರ್ ಜಪಾನಿನಲ್ಲಿ ಮಾರಾಟಕ್ಕೆ ಬಂದಿತು. ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನು 16 ಬಿಟ್ಟುಗಳ ಸಂಖ್ಯೆಯಾಗಿ ಬರೆದಿರುತ್ತಾರೆ. ಮನುಷ್ಯನ ಕಿವಿ ಗ್ರಹಿಸುವ ಮೇಲ್ಮಿತಿಯಾದ ಸುಮಾರು 20,000 ಹರ್ಟ್ಸ್ ಕಂಪನಗಳನ್ನು ಹಿಡಿದಿಡಲು ಇದು ಸಾಕು. ಸ್ಟ್ರೀಮರ್ ಇಂಥವೇ ಸಂಖ್ಯೆಗಳನ್ನು ಅಂತರ್ಜಾಲದಿಂದಲೋ ಮನೆಯ ಹಾರ್ಡ್ ಡಿಸ್ಕಿನಿಂದಲೋ ಪಡೆಯುತ್ತದೆ. ಸಂಖ್ಯೆಯನ್ನು ಮರಳಿ ಧ್ವನಿಯಾಗಿಸುವ ಕೆಲಸ ಎರಡರಲ್ಲೂ ಒಂದೇ. ಕೆಲವು ಸೇವೆಗಳು ಹರಿವನ್ನು ಹಗುರಗೊಳಿಸಲು ಸೆಕೆಂಡಿಗೆ 320 ಕಿಲೋಬಿಟ್ಟಿಗೆ ಅದನ್ನು ಕುಗ್ಗಿಸುತ್ತವೆ, ಸಿ.ಡಿ.ಯ 1,411 ಕಿಲೋಬಿಟ್ಟಿನ ಎದುರು ಇದು ಕಾಲುಭಾಗಕ್ಕಿಂತ ಕಡಿಮೆ. ಆದರೆ ಏನನ್ನೂ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ವಿಧಾನ 2001ರಿಂದಲೂ ಇದೆ, 2021ರಲ್ಲಿ ಆಪಲ್ ಮ್ಯೂಸಿಕ್ ಹೆಚ್ಚಿನ ಚಂದಾ ಇಲ್ಲದೆಯೇ ನಷ್ಟರಹಿತ ಧ್ವನಿಯನ್ನು ಒದಗಿಸತೊಡಗಿತು. ಆದುದರಿಂದ ನಾದದ ಮಟ್ಟಿಗೆ ಎರಡೂ ಸಮಾನವಾಗಬಲ್ಲವು. ಮೂಲ ಮುದ್ರಣ, ಸ್ಪೀಕರ್ ಮತ್ತು ಕೋಣೆಯ ಗುಣಗಳಿಂದ ಆಗುವ ಭೇದವೇ ದೊಡ್ಡದು.

ಎರಡನೆಯದು ಸ್ವಾಮ್ಯದ ವಿಚಾರ. ಸಿ.ಡಿ. ಪ್ಲೇಯರಿನಲ್ಲಿ ತಿರುಗುವ ಮೋಟಾರು, ಸವೆಯುವ ಲೇಸರ್ ಇವೆ. ಬೀದರ ಸೀಮೆಯ ಬೇಸಿಗೆಯ ಧೂಳು ಅದಕ್ಕೆ ಹಿತವಲ್ಲ. ಆದರೂ ಪ್ಲೇಯರ್ ಕೆಟ್ಟರೆ ಸಿ.ಡಿ. ಕೆಡುವುದಿಲ್ಲ, ಬೇರೊಂದರಲ್ಲಿ ಹಾಕಿದರೆ ಅದು ಹಾಡುತ್ತದೆ. ಸ್ಟ್ರೀಮರಿನಲ್ಲಿ ಸವೆಯುವ ಭಾಗಗಳು ಕಡಿಮೆ, ಆದರೆ ಅದರ ಆಯುಷ್ಯ ಅನ್ಯರ ಕೈಯಲ್ಲಿದೆ. ಲಾಜಿಟೆಕ್ ಸಂಸ್ಥೆ ಸ್ಕ್ವೀಜ್‌ಬಾಕ್ಸ್ ಯಂತ್ರಗಳ ತಯಾರಿಕೆಯನ್ನು 2012ರಲ್ಲಿ ಕೈಬಿಟ್ಟಿತು. ಅವುಗಳಿಗೆ ಆಧಾರವಾಗಿದ್ದ ತನ್ನ ಅಂತರ್ಜಾಲ ಸೇವೆಯನ್ನು 2024ರಲ್ಲಿ ಮುಚ್ಚಿತು. ಮನೆಯ ಕಂಪ್ಯೂಟರಿನಲ್ಲಿ ಉಚಿತ ತಂತ್ರಾಂಶ ಅಳವಡಿಸಿಕೊಂಡವರ ಯಂತ್ರಗಳು ಮಾತ್ರ ಬದುಕಿದವು. ನಮ್ಮ ದೇಶದಲ್ಲಿಯೇ ಏರ್‌ಟೆಲ್‌ನ ವಿಂಕ್ ಮ್ಯೂಸಿಕ್ 2014ರಲ್ಲಿ ಆರಂಭವಾಗಿ 2024ರಲ್ಲಿ ನಿಂತುಹೋಯಿತು. ಮಾಲು ಕೊಂಡವನಿಗೂ ಮಳಿಗೆ ಬಾಡಿಗೆಗೆ ಹಿಡಿದವನಿಗೂ ಇರುವ ಅಂತರ ವರ್ತಕರಿಗೆ ಹೇಳಿಕೊಡಬೇಕಾಗಿಲ್ಲ.

ಮೂರನೆಯದು ನ್ಯಾಯ. ಚಂದಾಹಣವನ್ನು ಹೆಚ್ಚಾಗಿ ಒಂದೆಡೆ ಕೂಡಿಸಿ, ಒಟ್ಟು ಕೇಳ್ಮೆಗಳಲ್ಲಿ ಯಾರ ಪಾಲೆಷ್ಟು ಎಂದು ನೋಡಿ ಹಂಚಲಾಗುತ್ತದೆ. ಸ್ಪಾಟಿಫೈಯಲ್ಲಿ 30 ಸೆಕೆಂಡು ಕೇಳಿದರೆ ಒಂದು ಎಣಿಕೆ. ಮೂರು ನಿಮಿಷದ ಸಿನಿಮಾ ಹಾಡಿಗೂ ಐವತ್ತು ನಿಮಿಷದ ವಿಲಂಬಿತ ಖ್ಯಾಲಿಗೂ ಅದೇ ಎಣಿಕೆ. 2024ರಿಂದ, ವರ್ಷದಲ್ಲಿ 1,000 ಎಣಿಕೆ ಮುಟ್ಟದ ಮುದ್ರಣಕ್ಕೆ ಅಲ್ಲಿ ಪಾಲಿಲ್ಲ. ಸಣ್ಣ ಊರಿನ ಶಾಸ್ತ್ರೀಯ ಗಾಯಕರಿಗೆ ಇದರಿಂದ ದಕ್ಕುವುದು ಅತ್ಯಲ್ಪ. ಕೇಳುಗನಿಗೂ ಒಂದು ಧರ್ಮಸೂಕ್ಷ್ಮವಿದೆ. ಸಿ.ಡಿ.ಗಳನ್ನು ನಕಲು ಮಾಡಿಕೊಂಡು ಮಾರುವ ಸಲಹೆಗೆ ವರ್ತಕರು, “ಮಾರಿದ ಮೇಲೆ ಮಾಲು ಅಂಗಡಿಯಲ್ಲಿ ಉಳಿಯಬಹುದೇನಪ್ಪಾ?” ಎಂದಷ್ಟೇ ಕೇಳಿದರು. ಅಳಿಯನು ಆ ಸಲಹೆಯನ್ನು ಹಿಂತೆಗೆದುಕೊಂಡನು.

ಉಳಿದದ್ದು ಪರಿಗ್ರಹದ ಪ್ರಶ್ನೆ. ಕಪಾಟು ಬರಿದಾದರೆ ಪರಿಗ್ರಹ ಇಳಿಯಿತೆ? ವಸ್ತುವಿನ ಸಂಖ್ಯೆಗಿಂತ ಅದರಲ್ಲಿನ ಮಮತ್ವವೇ ಪರಿಗ್ರಹವೆಂಬುದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಕಾಲಮಿತಿಯ ನಿಯಮಕ್ಕೆ ಒಳಪಡಿಸಬೇಕಾದ ಭೋಗೋಪಭೋಗಗಳನ್ನು ಎಣಿಸುವಾಗ ಊಟ, ವಾಹನ, ಹಾಸಿಗೆಗಳೊಡನೆ ಸಂಗೀತವನ್ನೂ ಗೀತವನ್ನೂ ಹೆಸರಿಸಿದ್ದಾರೆ. ಸಂಗೀತ ತ್ಯಾಜ್ಯವೆಂಬ ಅರ್ಥ ಅಲ್ಲಿಲ್ಲ, ಇಷ್ಟು ಹೊತ್ತು ಎಂಬ ಗೊತ್ತು ಬೇಕೆಂಬ ಆಶಯವಿದೆ. ಹಳೆಯ ಯಂತ್ರಗಳು ಈ ಗೊತ್ತನ್ನು ತಾವೇ ಹಾಕುತ್ತಿದ್ದವು. ಗ್ರಾಮಾಫೋನಿನ ಹತ್ತಂಗುಲದ ರೆಕಾರ್ಡು ಮೂರು ನಿಮಿಷಕ್ಕೆ ಮುಗಿಯುತ್ತಿತ್ತು. 1948ರಲ್ಲಿ ಬಂದ ಎಲ್.ಪಿ.ಯ ಒಂದು ಮುಖ ಇಪ್ಪತ್ತು ನಿಮಿಷ ದಾಟಿತು. ಸಿ.ಡಿ. 74 ನಿಮಿಷಕ್ಕೆ ಬೆಳೆಯಿತು. ಸ್ಟ್ರೀಮಿಂಗ್ ಸೇವೆಯಲ್ಲಾದರೋ ಆರಿಸಿದ ರಾಗ ಮುಗಿದೊಡನೆ ಅದನ್ನು ಹೋಲುವ ಬೇರೊಂದು ತಾನಾಗಿ ತೊಡಗುತ್ತದೆ; ಕೇಳುಗನು ನಿಲ್ಲಿಸದೆ ಅದು ನಿಲ್ಲದು. ಯಂತ್ರ ಹಾಕುತ್ತಿದ್ದ ಮಿತಿಯನ್ನು ಇನ್ನು ಮನುಷ್ಯನೇ ಹಾಕಿಕೊಳ್ಳಬೇಕು. ಕಪಾಟಿನ ಇನ್ನೂರು ಸಿ.ಡಿ.ಗಳಿಗೆ ಎಣಿಕೆಯಿತ್ತು; ಕೋಟಿ ಹಾಡುಗಳ ಆಸೆಗೆ ಎಣಿಕೆಯೆಲ್ಲಿ?

ಮಾವ ಅಳಿಯಂದಿರು ಕೂಡಿ ನಡುವಣ ದಾರಿಯೊಂದನ್ನು ಕಂಡುಕೊಂಡರು. ಸಾಧಾರಣ ಬೆಲೆಯ ಒಂದು ಸ್ಟ್ರೀಮರ್ ಬಂದಿತು. ಸಿ.ಡಿ.ಗಳನ್ನು ಫ್ಲ್ಯಾಕ್ ಕಡತಗಳಾಗಿ ಹಾರ್ಡ್ ಡಿಸ್ಕಿಗೆ ಇಳಿಸಲಾಯಿತು. ಒಂದು ತಾಸಿನ ಸಂಗೀತ ಸುಮಾರು 635 ಮೆಗಾಬೈಟ್ ಆಗುವುದು, ಫ್ಲ್ಯಾಕಿನಲ್ಲಿ ಇನ್ನೂ ಕಡಿಮೆ. ಸಿ.ಡಿ.ಗಳು ಮಾರಾಟವಾಗದೆ ಟ್ರಂಕಿನಲ್ಲಿ ಉಳಿದವು, ವ್ರತದ ಎಣಿಕೆಯಲ್ಲಿಯೂ ಉಳಿದವು. ತಾನಾಗಿ ಮುಂದುವರಿಯುವ ಸೌಲಭ್ಯವನ್ನು ಅಳಿಯನು ಮೊದಲ ದಿನವೇ ನಿಲ್ಲಿಸಿಕೊಟ್ಟನು.

ಓದುಗರಲ್ಲಿ ಯಾರಿಗಾದರೂ ಇದೇ ಆಯ್ಕೆ ಎದುರಾದರೆ ಇಷ್ಟನ್ನು ಗಮನಿಸಬಹುದು. ಈಗಾಗಲೇ ಸಿ.ಡಿ. ಸಂಗ್ರಹವುಳ್ಳವರು ಪ್ಲೇಯರನ್ನು ದುರಸ್ತಿ ಮಾಡಿಸುವುದೋ ಕಡತಗಳಾಗಿ ಇಳಿಸಿಕೊಳ್ಳುವುದೋ ಮೇಲು. ಹೊಸದಾಗಿ ತೊಡಗುವವರಿಗೆ ಸ್ಟ್ರೀಮರ್ ಅನುಕೂಲ, ಆದರೆ ಮನೆಯ ಹಾರ್ಡ್ ಡಿಸ್ಕಿನಿಂದಲೂ ನುಡಿಸಬಲ್ಲದನ್ನೇ ಆರಿಸಬೇಕು. ಚಂದಾಸೇವೆಯಲ್ಲಿ ಕೇಳಿ ಮೆಚ್ಚಿದ ಜೀವಂತ ಕಲಾವಿದರ ಮುದ್ರಣವನ್ನು ಸಿ.ಡಿ.ಯಾಗಿಯೋ ಕಡತವಾಗಿಯೋ ಹಣ ಕೊಟ್ಟು ಕೊಳ್ಳಬೇಕು. ಸಂಜೆ ಯಾವ ರಾಗ, ಎಷ್ಟು ಹೊತ್ತು ಎಂಬುದನ್ನು ಗುಂಡಿ ಒತ್ತುವ ಮುನ್ನವೇ ನಿಶ್ಚಯಿಸಿಕೊಳ್ಳಬೇಕು.