ಗಣಕಯಂತ್ರಕ್ಕೆ ಆಟ ಕಲಿಸಿದ ಉಪಾಧ್ಯಾಯರು

ಬಿಡುವಿನ ವೇಳೆಯನ್ನು ಮನುಷ್ಯನು ಹೇಗೆ ಕಳೆಯುತ್ತಾನೆಂಬುದು ಅವನ ವ್ಯಕ್ತಿತ್ವಕ್ಕೆ ಒರೆಗಲ್ಲು. ಹೊಟ್ಟೆಪಾಡಿನ ಕೆಲಸವನ್ನು ಎಲ್ಲರೂ ಮಾಡುತ್ತಾರೆ. ಯಾರ ಅಪ್ಪಣೆಯೂ ಇಲ್ಲದೆ, ಪ್ರತಿಫಲವನ್ನು ಬಯಸದೆ ಕೈಗೊಂಡ ಕೆಲಸವು ಒಮ್ಮೊಮ್ಮೆ ಒಂದು ಶಾಸ್ತ್ರಕ್ಕೇ ಹೊಸ ಹಾದಿಯನ್ನು ತೆರೆಯುತ್ತದೆ. ಇಂಗ್ಲೆಂಡಿನ ಕ್ರಿಸ್ಟೋಫರ್ ಸ್ಟ್ರೇಚಿಯವರ ಬಾಳು ಇದಕ್ಕೆ ಉತ್ತಮ ನಿದರ್ಶನ.

1916ರಲ್ಲಿ ಜನಿಸಿದ ಸ್ಟ್ರೇಚಿಯವರು ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮಾಡಿ, 1949ರಿಂದ ಹ್ಯಾರೋ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. 1951ರ ಆರಂಭದಲ್ಲಿ ಮಿತ್ರರೊಬ್ಬರ ಮೂಲಕ ರಾಷ್ಟ್ರೀಯ ಭೌತ ಪ್ರಯೋಗಾಲಯದ ‘ಪೈಲಟ್ ಏಸ್’ ಎಂಬ ಗಣಕಯಂತ್ರದ ಪರಿಚಯ ಅವರಿಗಾಯಿತು. ಲೆಕ್ಕ ಮಾಡುವ ಯಂತ್ರಕ್ಕೆ ಆಟವನ್ನೇಕೆ ಕಲಿಸಬಾರದು ಎಂಬ ಕುತೂಹಲ ಅವರಲ್ಲಿ ಮೊಳೆಯಿತು. ಪಾಠ ಪ್ರವಚನಗಳಿಂದ ಬಿಡುವಾದಾಗಲೆಲ್ಲ ಅವರು ಡ್ರಾಫ್ಟ್ಸ್ ಆಟದ ಕ್ರಮವಿಧಿಯನ್ನು ಬರೆಯತೊಡಗಿದರು.

ಡ್ರಾಫ್ಟ್ಸ್ ಆಟವನ್ನು ಚದುರಂಗದ ಹಾಸಿನ ಮೇಲೆಯೇ ಆಡುತ್ತಾರೆ. ಅದರ 64 ಮನೆಗಳಲ್ಲಿ ಒಂದೇ ಬಣ್ಣದ 32 ಮನೆಗಳು ಮಾತ್ರ ಬಳಕೆಗೆ ಬರುತ್ತವೆ. ಪ್ರತಿ ಪಕ್ಷಕ್ಕೂ 12 ಕಾಯಿಗಳು. ನಮ್ಮ ಆಡು-ಹುಲಿ ಆಟದಲ್ಲಿ ಹುಲಿಯು ಆಡನ್ನು ಹಾರಿ ಕೊಲ್ಲುವಂತೆ ಇಲ್ಲಿಯೂ ಎದುರಾಳಿಯ ಕಾಯಿಯನ್ನು ಹಾರಿ ತೆಗೆಯಬೇಕು. ಕೊನೆಯ ಸಾಲನ್ನು ಮುಟ್ಟಿದ ಕಾಯಿ ರಾಜನಾಗಿ, ಹಿಂದಕ್ಕೂ ನಡೆಯುವ ಅಧಿಕಾರವನ್ನು ಪಡೆಯುತ್ತದೆ.

ಕಣ್ಣಿಲ್ಲದ ಯಂತ್ರಕ್ಕೆ ಈ ಹಾಸನ್ನು ತೋರಿಸುವುದೆಂತು? ಸ್ಟ್ರೇಚಿಯವರು ಮನೆಗೊಂದು ಅಂಕೆಯಂತೆ ಒಂದು ಮತ್ತು ಸೊನ್ನೆಗಳ ಮೂರು ಸಾಲುಗಳನ್ನು ಕಲ್ಪಿಸಿದರು. ಒಂದು ಸಾಲು ಕಪ್ಪು ಕಾಯಿಗಳಿಗೆ, ಇನ್ನೊಂದು ಬಿಳಿಯ ಕಾಯಿಗಳಿಗೆ, ಮೂರನೆಯದು ರಾಜರಿಗೆ. ಸಾಲನ್ನು ಕೆಲವು ಸ್ಥಾನ ಸರಿಸಿದರೆ ಕಾಯಿಯ ನಡೆಯೇ ಮೂಡುವುದು. ಯಂತ್ರವು ‘ನಾನು ಹೀಗೆ ನಡೆದರೆ ಅವನು ಹೇಗೆ ನಡೆದಾನು’ ಎಂದು ಕೆಲವು ನಡೆಗಳಷ್ಟು ಮುಂದೆ ನೋಡಿ, ಉಳಿಯುವ ಕಾಯಿಗಳ ಬೆಲೆ ಕಟ್ಟಿ, ಲಾಭಕರವಾದುದನ್ನು ಆರಿಸುತ್ತದೆ. ಅದರಾಚೆಗೆ ಬರುವ ಆಪತ್ತು ಅದಕ್ಕೆ ಗೋಚರಿಸದು. ಇದೇ ಅದರ ಬಲ, ಇದೇ ಅದರ ಮಿತಿ.

1951ರ ಜುಲೈ 30ರಂದು ನಡೆದ ಮೊದಲ ಪ್ರಯೋಗ ಸಫಲವಾಗಲಿಲ್ಲ. ಬರಹದಲ್ಲಿ ದೋಷಗಳಿದ್ದವು, ಯಂತ್ರದ ಸ್ಮರಣಶಕ್ತಿಯೂ ಸಾಲದಾಯಿತು. ಹವ್ಯಾಸಕ್ಕೆ ತೊಡಗಿದವರು ಕೈಬಿಡುವುದು ಇಂತಹ ಘಳಿಗೆಯಲ್ಲಿಯೇ. ಸ್ಟ್ರೇಚಿಯವರು ಮಾತ್ರ ಎದೆಗುಂದಲಿಲ್ಲ. ಮ್ಯಾಂಚೆಸ್ಟರಿನಲ್ಲಿ ಹೆಚ್ಚು ಸ್ಮರಣಶಕ್ತಿಯುಳ್ಳ ಫೆರಾಂಟಿ ಮಾರ್ಕ್ 1 ಯಂತ್ರವಿದೆಯೆಂದರಿತು, ಅದಕ್ಕಾಗಿ ಅಲನ್ ಟ್ಯೂರಿಂಗ್ ಬರೆದಿದ್ದ ಕೈಪಿಡಿಯನ್ನು ತರಿಸಿ ಅಭ್ಯಾಸ ಮಾಡಿ, ಎಲ್ಲವನ್ನೂ ಹೊಸದಾಗಿ ಬರೆದರು. 1952ರ ಬೇಸಗೆಯ ಹೊತ್ತಿಗೆ ಆ ಯಂತ್ರವು ಪೂರ್ಣ ಆಟವೊಂದನ್ನು ತಕ್ಕ ವೇಗದಲ್ಲಿ ಆಡಬಲ್ಲದಾಯಿತು. ಹಾಸಿನ ಚಿತ್ರ ಗಾಜಿನ ಕೊಳವೆಯ ಮೇಲೆ ಮೂಡುತ್ತಿತ್ತು. ತಡಮಾಡುವ ಎದುರಾಳಿಗೆ, ತನ್ನ ಕಾಲವನ್ನು ಹಾಳುಮಾಡದೆ ಹೋಗಿ ಮನುಷ್ಯರೊಡನೆ ಆಡೆಂಬ ಅರ್ಥದ ಗದರಿಕೆಯನ್ನೂ ಯಂತ್ರವು ಅಚ್ಚುಮಾಡುತ್ತಿತ್ತು! ಆ ಸಿಡುಕು ಯಂತ್ರದ್ದಲ್ಲ, ಉಪಾಧ್ಯಾಯರ ವಿನೋದಬುದ್ಧಿಯದು.

ಅದೇ ವರ್ಷ ಸ್ಟ್ರೇಚಿಯವರು ಶಾಲೆಯನ್ನು ಬಿಟ್ಟು ಗಣಕಯಂತ್ರಗಳ ಸೇವೆಗೇ ನಿಂತರು. 1965ರಲ್ಲಿ ಆಕ್ಸ್‌ಫರ್ಡಿನಲ್ಲಿ ಕ್ರಮವಿಧಿ ಸಂಶೋಧನೆಯ ತಂಡವನ್ನು ಕಟ್ಟಿ, 1975ರಲ್ಲಿ ತೀರಿಕೊಂಡರು. ಅಮೆರಿಕದ ಆರ್ಥರ್ ಸ್ಯಾಮ್ಯುಯೆಲ್ ಅದೇ ಆಟವನ್ನು ಮುಂದುವರಿಸಿ, ಅನುಭವದಿಂದ ತಾನೇ ಕಲಿಯುವ ಯಂತ್ರವನ್ನು ಸಾಧಿಸಿದರು. 2007ರಲ್ಲಿ ಕೆನಡಾದ ಜೊನಾಥನ್ ಶೇಫರ್ ಮತ್ತು ಸಂಗಡಿಗರು, ಇಬ್ಬರೂ ತಪ್ಪಿಲ್ಲದೆ ಆಡಿದರೆ ಈ ಆಟದಲ್ಲಿ ಸೋಲು ಗೆಲುವುಗಳಿಲ್ಲವೆಂದು ಸಿದ್ಧಪಡಿಸಿದರು.

ಯಂತ್ರವು ಗೆದ್ದರೂ ಹಿಗ್ಗದು, ಸೋತರೂ ಕುಗ್ಗದು. ಸೋತ ಬಳಿಕ ತಪ್ಪನ್ನು ಹುಡುಕಿ ಮರಳಿ ಬರೆಯುವ ಸಹನೆ ಮನುಷ್ಯನದು. ಶ್ರದ್ಧೆಯಿಂದ ಮಾಡಿದ ಕೆಲಸವೇ ಕಾಯಕವೆಂದು ನಂಬಿದ ನಾಡಿನ ವಿದ್ಯಾರ್ಥಿಗಳಿಗೆ ಇದು ಅಪರಿಚಿತವಾದ ಪಾಠವೇನಲ್ಲ. ಆಟವೂ ಮನಸ್ಸಿಟ್ಟು ಮಾಡಿದಾಗ ಕಾಯಕವೇ ಆಗುತ್ತದೆ.